ಕಲ್ಲು ಓದುವ ಚಟ, ವಾರ್ಡ್ ಆಫೀಸಿನ ದಾರಿ

ಐವತ್ತು ದಾಟಿದ ಹೆಂಗಸು ಹೊಸ ಹವ್ಯಾಸ ಶುರು ಮಾಡಿದರೆ ಮನೆಯಲ್ಲಿ ಮೂರು ಪ್ರಶ್ನೆ ಬರುತ್ತವೆ. ಇದಕ್ಕೆ ಎಷ್ಟು ಖರ್ಚು? ಇದರಿಂದ ಏನು ಬರುತ್ತೆ? ಭಾನುವಾರದ ತಿಂಡಿ ಯಾರು ಮಾಡ್ತಾರೆ? ಮೊದಲ ಎರಡಕ್ಕೆ ಹೇಗೋ ಉತ್ತರ ಕೊಡಬಹುದು. ಮೂರನೆಯದರ ಬಗ್ಗೆ ನಮ್ಮ ಮನೆಯಲ್ಲಿ ಮಾತುಕತೆ ಇನ್ನೂ ನಡೆಯುತ್ತಿದೆ.

ಇವತ್ತು ನೀವು ಕೊಟ್ಟಿರುವ ವಿಷಯ ಹವ್ಯಾಸ ಮತ್ತು ನಾಗರಿಕ ಕರ್ತವ್ಯ. ಎರಡನ್ನೂ ಒಟ್ಟಿಗೆ ಕೇಳಿ ಸ್ವಲ್ಪ ಗಾಬರಿಯಾಯಿತು. ಹವ್ಯಾಸ ಅಂದರೆ ಯಾರೂ ಹೇಳದೆ ನಾವೇ ಮಾಡುವುದು. ಕರ್ತವ್ಯ ಅಂದರೆ ಎಲ್ಲರೂ ಹೇಳಿದರೂ ನಾವು ಮಾಡದೇ ಇರುವುದು. ಇವೆರಡನ್ನು ಹೇಗಪ್ಪಾ ಜೋಡಿಸೋದು ಅಂತ ಯೋಚಿಸಿದೆ. ಆಮೇಲೆ ನನ್ನ ಬದುಕಿನಲ್ಲಿ ಇವು ಆಗಲೇ ಜೋಡಿಯಾಗಿವೆ, ಅದೂ ನನ್ನನ್ನು ಕೇಳದೆಯೇ, ಅಂತ ಹೊಳೆಯಿತು. ಅದನ್ನೇ ಹೇಳುತ್ತೇನೆ.

ನಮ್ಮ ಊರು ಬೆಂಗಳೂರಿನಲ್ಲಿ ಹವ್ಯಾಸಕ್ಕೆ ಬರ ಇಲ್ಲ. 2008ರಲ್ಲಿ ಹತ್ತು ಕಿಲೋಮೀಟರ್ ಓಟ ಶುರುವಾದಾಗ ನಕ್ಕವರು ಈಗ ಬೆಳಗ್ಗೆ ಐದಕ್ಕೆ ಎದ್ದು ಶೂ ಕಟ್ಟುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಚಾಪೆ ಹಾಸಿಕೊಂಡು, ಯಾರ ಜೊತೆಗೂ ಮಾತಾಡದೆ, ಸುಮ್ನೆ ಪುಸ್ತಕ ಓದುವವರ ಗುಂಪು ಇದೆ. ಲಾಕ್‌ಡೌನ್ ಆದಮೇಲೆ ನಮ್ಮ ಬೀದಿಯಲ್ಲಿ ತಾರಸಿ ತೋಟ ಇಲ್ಲದ ಮನೆ ಹುಡುಕಬೇಕು. ನಾನು ಲೆಕ್ಕ ನೋಡುವ ಆಡಿಟರ್ ಆಫೀಸಿನಲ್ಲಿ ಒಬ್ಬ ಹುಡುಗ ಲಕ್ಷಕ್ಕೂ ಮೇಲೆ ಕೊಟ್ಟು ಸೈಕಲ್ ತಂದ. ಅದನ್ನು ನಮ್ಮ ರಸ್ತೆಗೆ ಇಳಿಸಲು ಅವನಿಗೆ ಭಯ. ಅದಕ್ಕೇ ಕಾರಿನ ಹಿಂದೆ ಕಟ್ಟಿಕೊಂಡು ನಂದಿ ಬೆಟ್ಟದ ತನಕ ಹೋಗಿ ಅಲ್ಲಿ ತುಳಿಯುತ್ತಾನೆ. ನಗಬೇಡಿ, ರಸ್ತೆ ನೋಡಿದರೆ ಅವನದ್ದೇ ಸರಿ.

ನನ್ನದು ಕಡಿಮೆ ಖರ್ಚಿನದು. ಒಂದು ಟಾರ್ಚು, ಅರ್ಧ ಕೇಜಿ ಮೈದಾ, ಮೆತ್ತಗಿನ ಬ್ರಷ್ಷು, ನೀರಿನ ಬಾಟಲಿ, ಒಂದು ನೋಟ್‌ಬುಕ್ಕು. ನಾನು ಶಾಸನದ ಕಲ್ಲು ಓದುತ್ತೇನೆ. ಓದುತ್ತೇನೆ ಅಂದರೆ ವಿದ್ವಾಂಸರ ಹಾಗೆ ಅಲ್ಲ. ಒಂದನೇ ಕ್ಲಾಸಿನ ಮಗು ಬಸ್ಸಿನ ಬೋರ್ಡು ಓದುತ್ತದಲ್ಲ, ಆ ಥರ.

ಶುರುವಾದದ್ದು ಬೇಗೂರಿನಲ್ಲಿ. ಅಲ್ಲಿನ ನಾಗೇಶ್ವರ ದೇವಸ್ಥಾನಕ್ಕೆ ನಿಮ್ಮಲ್ಲಿ ತುಂಬಾ ಜನ ಹೋಗಿರುತ್ತೀರಿ. ಅಲ್ಲಿ ಕ್ರಿ.ಶ. ಸುಮಾರು 890ರ ಒಂದು ಕಲ್ಲಿದೆ. ಗಂಗರ ಕಾಲದ್ದು. ನಾಗತ್ತರ ಎಂಬ ಅಧಿಕಾರಿಯ ಕಡೆಯವರು 'ಬೆಂಗಳೂರ ಕಾಳೆಗ'ದಲ್ಲಿ ಸತ್ತರು ಅಂತ ಅದು ಹೇಳುತ್ತದೆ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ ಅಂತ ಶಾಲೆಯಲ್ಲಿ ಓದಿದ್ದೇವೆ. ಅದಕ್ಕೂ ಆರುನೂರು ವರ್ಷಕ್ಕಿಂತ ಹಿಂದೆಯೇ ಈ ಹೆಸರಿನ ಒಂದು ಊರಿತ್ತು, ಅದಕ್ಕಾಗಿ ಜನ ಹೊಡೆದಾಡಿ ಸತ್ತಿದ್ದರು. ಬೋರ್ಡಿನಲ್ಲಿ ಬರೆದಿದ್ದನ್ನು ಓದಿ ತಿಳಿದುಕೊಂಡೆ, ಸರಿ. ಆದರೆ ಕಲ್ಲಿನ ಮೇಲೆ ಅದು ಎಲ್ಲಿದೆ? 'ಬೆಂಗಳೂರು' ಯಾವ ಸಾಲಿನಲ್ಲಿದೆ? ಎದುರಿಗೇ ನಿಂತಿದ್ದೇನೆ, ಕನ್ನಡದ್ದೇ ಕಲ್ಲು, ನನ್ನ ಊರಿನದೇ ಹೆಸರು, ನನಗೆ ಓದಲು ಬರುತ್ತಿಲ್ಲ. ಇದು ಹೊಟ್ಟೆಯಲ್ಲಿ ಒಂಥರಾ ಕುಟುಕಿತು.

ಹಾಗೆ ಲಿಪಿ ಕಲಿಯಲು ಕೂತೆ. ಹಳೆಯ ಅಕ್ಷರಕ್ಕೆ ತಲೆಕಟ್ಟು ಬೇರೆ ಥರ ಇರುತ್ತದೆ. ಈಗ ನಾವು ಬಿಟ್ಟಿರುವ ಎರಡು ಅಕ್ಷರ, ಱ ಮತ್ತು ೞ, ಅಲ್ಲಿ ಆರಾಮಾಗಿ ಕೂತಿರುತ್ತವೆ. ಪದಗಳ ಮಧ್ಯೆ ಜಾಗ ಬಿಡುವುದಿಲ್ಲ. ಚುಕ್ಕಿ ಇಲ್ಲ, ಅಲ್ಪವಿರಾಮ ಇಲ್ಲ. ಒಂದು ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಪದ ಅರ್ಧಕ್ಕೆ ಕತ್ತರಿಸಿ ಕೆಳಗೆ ಹೋಗುತ್ತದೆ. ಮೊದಲ ಕೆಲವು ತಿಂಗಳು ನನಗೆ ಗ್ಯಾರಂಟಿಯಾಗಿ ಸಿಗುತ್ತಿದ್ದದ್ದು ಒಂದೇ, 'ಸ್ವಸ್ತಿಶ್ರೀ'. ಹೆಚ್ಚಿನ ಶಾಸನ ಅದರಿಂದಲೇ ಶುರುವಾಗುತ್ತದೆ, ಆದ್ದರಿಂದ ಅದನ್ನು ಓದಿಬಿಟ್ಟು ದೊಡ್ಡ ಪಂಡಿತೆಯ ಹಾಗೆ ತಲೆಯಾಡಿಸುತ್ತಿದ್ದೆ.

ವಿದ್ವಾಂಸರು ಕಲ್ಲಿನ ಮೇಲೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಕುಟ್ಟಿ, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ನಮ್ಮಂಥವರಿಗೆ ಅಷ್ಟೆಲ್ಲ ಆಗುವುದಿಲ್ಲ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಓರೆಯಾಗಿ ಹಿಡಿಯಬೇಕು. ಬೆಳಕು ನೇರವಾಗಿ ಬಿದ್ದರೆ ಏನೂ ಕಾಣಲ್ಲ. ಪಕ್ಕದಿಂದ ಬಿದ್ದರೆ ಸವೆದ ಅಕ್ಷರ ಕೂಡ ನೆರಳಿನಲ್ಲಿ ಎದ್ದು ಬರುತ್ತದೆ. ಇನ್ನೊಂದು ದಾರಿ, ಮೈದಾ ತೆಳ್ಳಗೆ ಸವರುವುದು. ಗುಂಡಿಗಳಲ್ಲಿ ಹಿಟ್ಟು ಕೂತು ಅಕ್ಷರ ಬೆಳ್ಳಗೆ ಕಾಣುತ್ತದೆ. ಓದಿದ ಮೇಲೆ ನೀರು ಹಾಕಿ ತೊಳೆದು ಬರಬೇಕು. ಪೇಂಟು, ಸೀಮೆಸುಣ್ಣ, ಚೂಪಾದ ಕಬ್ಬಿಣ ಇವುಗಳನ್ನು ದಯವಿಟ್ಟು ಮುಟ್ಟಿಸಬೇಡಿ.

ಇದರಲ್ಲಿ ನಮಗೆಲ್ಲ ದಾರಿ ಮಾಡಿಕೊಟ್ಟವರು ಬಿ.ಎಲ್. ರೈಸ್. 1837ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದ ಊರೂರು ಸುತ್ತಿ ಸಾವಿರಾರು ಶಾಸನ ಸಂಗ್ರಹಿಸಿದರು. ಆ ಶಾಸನಗಳನ್ನು ಅಚ್ಚು ಹಾಕಿದ ಪುಸ್ತಕಮಾಲೆ ಎಪಿಗ್ರಾಫಿಯಾ ಕರ್ನಾಟಿಕ. ಅದರ ಒಂಬತ್ತನೇ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ಅದರಲ್ಲಿ ಹೇಳಿರುವ ಕಲ್ಲುಗಳನ್ನು ಹುಡುಕುತ್ತಾ ಹೋಗುವುದೇ ನನ್ನ ಭಾನುವಾರ. ಪುಸ್ತಕದಲ್ಲಿ 'ಕೆರೆ ಏರಿಯ ಮೇಲೆ' ಅಂತ ಇರುತ್ತದೆ. ಅಲ್ಲಿ ಹೋದರೆ ಕೆರೆಯೂ ಇಲ್ಲ, ಏರಿಯೂ ಇಲ್ಲ, ಮೂರು ಬ್ಲಾಕಿನ ಅಪಾರ್ಟ್‌ಮೆಂಟ್ ಇರುತ್ತದೆ. ಸೆಕ್ಯುರಿಟಿ ಅವರನ್ನು "ಇಲ್ಲಿ ಹಳೇ ಕಲ್ಲು ಏನಾದ್ರೂ ಇದ್ಯಾ ಅಣ್ಣಾ?" ಅಂತ ಕೇಳಿದರೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಫ್ಲಾಟ್‌ಗೆ ಮೇಡಂ?" ಅನ್ನುತ್ತಾರೆ.

ಆದರೂ ಸಿಗುತ್ತವೆ. ಹೆಬ್ಬಾಳದಲ್ಲಿ ಕಿಟ್ಟಯ್ಯ ಎಂಬ ವೀರನ ಕಲ್ಲು 2018ರಲ್ಲಿ ಉತ್ಸಾಹಿಗಳ ಕಣ್ಣಿಗೆ ಬಿತ್ತು. ಕ್ರಿ.ಶ. ಸುಮಾರು 750, ಗಂಗ ದೊರೆ ಶ್ರೀಪುರುಷನ ಕಾಲ. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಹೋದರೆ ಗೋಡೆ ಮೇಲೆ ತಮಿಳು ಶಾಸನ. ಈ ಊರಿನಲ್ಲಿ ಯಾವ ಭಾಷೆ ಯಾವಾಗ ಬಂತು ಅಂತ ಆಟೋದಲ್ಲಿ ಜಗಳ ಆಡುವವರನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಎರಡೂ ಕಡೆಯವರನ್ನು. 1909ರಲ್ಲಿ ಶುರುವಾದ, ನೃಪತುಂಗ ರಸ್ತೆಯಲ್ಲಿರುವ, ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿಯವರು ಈಗ ನಮ್ಮ ಊರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದ ಗೀರು ಕೂಡ ಅದರಲ್ಲಿ ಕಾಣುತ್ತದೆ. ಅದನ್ನು ನೋಡಿದ ಮೇಲೆ ನನ್ನ ಮೈದಾ ಬಗ್ಗೆ ಸ್ವಲ್ಪ ನಾಚಿಕೆಯಾಯಿತು.

ಈಗ ಆ ಕಲ್ಲುಗಳು ಏನು ಹೇಳುತ್ತವೆ ಅನ್ನುವ ಕಡೆಗೆ ಬರೋಣ, ನನ್ನ ವಿಷಯ ಇರುವುದು ಅಲ್ಲೇ. ರಾಜರ ಬಿರುದಾವಳಿ ಇರುತ್ತದೆ, ನಿಜ. ಅದನ್ನು ದಾಟಿದರೆ ಕೆಳಗೆ ಬರುವುದೆಲ್ಲ ಕೆರೆ, ತೂಬು, ಗದ್ದೆ, ದನ. ಅಗರದ ಒಂದು ಶಾಸನ ತಗೊಳ್ಳಿ. ಈಗಿನ ಎಚ್‌ಎಸ್‌ಆರ್ ಲೇಔಟ್ ಪಕ್ಕದ ಅಗರ. ಒಂಬತ್ತನೇ ಶತಮಾನದ್ದು, ಸುಮಾರು 870. ಅದರಲ್ಲಿ ಒಬ್ಬ ಊರೊಡೆಯ ಎರಡು ಕೆರೆಗೆ ತೂಬು ಇಡಿಸುತ್ತಾನೆ, ಮೂಡಣ ಕಡೆ ಇನ್ನೊಂದು ಕೆರೆ ಕಟ್ಟಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಮೂರೂ ಕೆರೆಗಳ ಬಿತ್ತುವಟ ಅವನಿಗೆ ಸಿಗುತ್ತದೆ. ಬಿತ್ತುವಟ ಅಂದರೆ ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಡುತ್ತಿದ್ದ ಜಮೀನು.

ಇದನ್ನು ಓದಿದಾಗ ಲೆಕ್ಕದವಳಾದ ನನಗೆ ತುಂಬಾ ಖುಷಿಯಾಯಿತು. ಸೇವೆ, ತ್ಯಾಗ ಅಂತ ದೊಡ್ಡ ಮಾತು ಒಂದೂ ಇಲ್ಲ. ನೀನು ಕೆರೆ ನೋಡಿಕೋ, ಕೆರೆಯ ಕೆಳಗಿನ ನೆಲ ನಿನಗೆ. ಕೆರೆ ಒಡೆದರೆ ನಿನ್ನ ಗದ್ದೆಗೂ ನೀರಿಲ್ಲ. ಕರ್ತವ್ಯದ ಜೊತೆಗೆ ಲಾಭವನ್ನೂ ಕಟ್ಟಿಹಾಕಿದ್ದಾರೆ. ಆ ಅಗರದ ಕೆರೆಯಿಂದ ಕೆಳಗೆ ಹೋದರೆ ಬೆಳ್ಳಂದೂರು. 2015ರಲ್ಲಿ, ಮತ್ತೆ 2017ರಲ್ಲಿ ನೀರಿಗೆ ಬೆಂಕಿ ಹತ್ತಿದ ಕೆರೆ ಅದು. ಅದರ ದಡದಲ್ಲಿ ಅಷ್ಟೊಂದು ಜನ ಇದ್ದೇವೆ, ಆದರೆ ಆ ನೀರಿನಿಂದ ನಮಗೆ ಬರುವುದು ಏನೂ ಇಲ್ಲ, ನಲ್ಲಿಯಲ್ಲಿ ಕಾವೇರಿ ಬರುತ್ತದೆ, ಇಲ್ಲದಿದ್ದರೆ ಟ್ಯಾಂಕರ್. ಕೆರೆ ಸತ್ತರೆ ನಮಗೆ ಗೊತ್ತಾಗುವುದು ವಾಸನೆಯಿಂದ ಮಾತ್ರ.

ಶಾಸನದ ಕೊನೆಯಲ್ಲಿ ಶಾಪ ಇರುತ್ತದೆ. ಈ ದಾನವನ್ನು ಹಾಳು ಮಾಡಿದವರು ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪಕ್ಕೆ ಹೋಗುತ್ತಾರೆ, ಈ ಥರ. ಒಂದು ಸಂಸ್ಕೃತ ಶ್ಲೋಕ ಪದೇ ಪದೇ ಬರುತ್ತದೆ. ತಾನು ಕೊಟ್ಟ ಭೂಮಿಯಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಅರವತ್ತು ಸಾವಿರ ವರ್ಷ! ಕೆರೆಯಂಗಳದಲ್ಲಿ ಎದ್ದಿರುವ ಲೇಔಟುಗಳನ್ನು ನೋಡಿದರೆ, ಮುಂದಿನ ಜನ್ಮಕ್ಕೆ ನಮ್ಮ ಊರಿನ ಹುಳುಗಳ ಸಂಖ್ಯೆ ಎಷ್ಟಾಗಬಹುದು ಅಂತ ಯೋಚನೆಯಾಗುತ್ತದೆ. ನಮ್ಮ ಬೀದಿ ಮೂಲೆಯಲ್ಲಿ 'ಇಲ್ಲಿ ಕಸ ಹಾಕಿದರೆ ದಂಡ' ಅಂತ ಬೋರ್ಡಿದೆ. ಕಸದ ರಾಶಿ ಅದರ ಕುತ್ತಿಗೆವರೆಗೆ ಬಂದಿದೆ. ಪಕ್ಕದಲ್ಲಿ ಯಾರೋ ದೇವರ ಟೈಲ್ಸ್ ಅಂಟಿಸಿದ ಗೋಡೆ ಮಾತ್ರ ಕ್ಲೀನಾಗಿದೆ. ದಂಡಕ್ಕಿಂತ ಶಾಪವೇ ವಾಸಿ ಅಂತ ನಮ್ಮ ಜನ ಈಗಲೂ ತೋರಿಸಿಕೊಡುತ್ತಿದ್ದಾರೆ, ಅಲ್ವಾ?

ಈಗ ಕರ್ತವ್ಯಕ್ಕೆ ಬರುತ್ತೇನೆ. ನಮ್ಮ ಸಂವಿಧಾನ ಜಾರಿಗೆ ಬಂದಾಗ ಮೂಲಭೂತ ಹಕ್ಕುಗಳಿದ್ದವು, ಮೂಲಭೂತ ಕರ್ತವ್ಯಗಳು ಇರಲಿಲ್ಲ. ಅವನ್ನು ಸೇರಿಸಿದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ, 51ಎ ವಿಧಿಯಾಗಿ. ಯಾವ ಕಾಲ ಅದು? ತುರ್ತು ಪರಿಸ್ಥಿತಿ. ಜನರ ಹಕ್ಕುಗಳನ್ನು ಬೀಗ ಹಾಕಿ ಇಟ್ಟಿದ್ದ ಹೊತ್ತಿನಲ್ಲೇ ಕರ್ತವ್ಯದ ಪಟ್ಟಿ ಕೈಗೆ ಕೊಟ್ಟರು. ಆಗ ಹತ್ತು ಇದ್ದವು, 2002ರಲ್ಲಿ ಹನ್ನೊಂದನೆಯದು ಸೇರಿತು. ಹುಟ್ಟಿದ ಗಳಿಗೆ ಹೇಗೇ ಇರಲಿ, ಪಟ್ಟಿ ಕೆಟ್ಟದ್ದೇನಲ್ಲ. ನಮ್ಮ ಬೆರಕೆ ಸಂಸ್ಕೃತಿಯ ಪರಂಪರೆಯನ್ನು ಕಾಪಾಡಬೇಕು, ಕಾಡು ಕೆರೆ ನದಿ ಕಾಪಾಡಬೇಕು, ಸಾರ್ವಜನಿಕ ಆಸ್ತಿ ಉಳಿಸಬೇಕು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಬೇಕು. ಮಾಡದೇ ಹೋದರೆ ಆ ವಿಧಿಯಲ್ಲೇ ಯಾವ ಶಿಕ್ಷೆಯೂ ಇಲ್ಲ. ಹುಳುವಾಗಿ ಹುಟ್ಟುವುದೂ ಇಲ್ಲ.

ನನಗೆ ಒಂದು ತಕರಾರಿದೆ. ಕರ್ತವ್ಯದ ಮಾತು ಯಾವಾಗಲೂ ಮೇಲಿನಿಂದ ಕೆಳಕ್ಕೆ ಬರುತ್ತದೆ. ಆಗಸ್ಟ್ 15ಕ್ಕೆ ಭಾಷಣ, ಚುನಾವಣೆ ಹೊತ್ತಿಗೆ ಬೈಗುಳ. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತ ಹಾಕಿದಾಗ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ. 55 ಕೂಡ ಮುಟ್ಟಲಿಲ್ಲ. ಮಂಡ್ಯದಲ್ಲಿ ಶೇ. 80 ದಾಟಿತ್ತು. ಬೈಯ್ಯಬೇಕಾದದ್ದೇ, ನಾನೂ ಬೈಯ್ಯುತ್ತೇನೆ. ಆದರೆ ಇನ್ನೊಂದು ಕಡೆ ನೋಡಿ. ನಮ್ಮ ಪಾಲಿಕೆಗೆ ಚುನಾವಣೆ ನಡೆದದ್ದು 2015ರಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ಇಡೀ ಊರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಮೋರಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತಲೇ ಗೊತ್ತಿಲ್ಲದ ಊರಿನಲ್ಲಿ ಕರ್ತವ್ಯದ ಪಾಠ ಕೇಳುವುದಕ್ಕೆ ಸ್ವಲ್ಪ ಕಷ್ಟವಾಗುತ್ತದೆ. ಇದನ್ನು ಹೇಳದೆ ಮುಂದೆ ಹೋದರೆ ನನಗೇ ಸಮಾಧಾನ ಇರುವುದಿಲ್ಲ.

ಸರಿ, ಬೈಗುಳ ಮುಗಿಯಿತು. ನನ್ನ ಅನುಭವದಲ್ಲಿ ನಾಗರಿಕ ಕೆಲಸ ಅಂದರೆ ಮುಕ್ಕಾಲು ಪಾಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಒಂದು ಸಲ ದೂರು ಕೊಡುವುದು ಸುಲಭ. ಆ್ಯಪ್‌ನಲ್ಲಿ ಫೋಟೋ ಹಾಕಿದರೆ ಆಯಿತು, 'ಪರಿಹರಿಸಲಾಗಿದೆ' ಅಂತ ಮೆಸೇಜೂ ಬರುತ್ತದೆ. ಗುಂಡಿ ಅಲ್ಲೇ ಇರುತ್ತದೆ. ಎರಡನೇ ಸಲ, ಐದನೇ ಸಲ ಹೋಗುವವರು ಯಾರು? ಕರ್ತವ್ಯ ಅಂತ ಹೊರಟವನು ಎರಡನೇ ಸಲಕ್ಕೆ ಸುಸ್ತಾಗುತ್ತಾನೆ. ಕೋಪದಲ್ಲಿ ಹೊರಟವನು ಮೂರನೇ ಸಲಕ್ಕೆ. ಹವ್ಯಾಸಕ್ಕೆ ಬಿದ್ದವನು ಮಾತ್ರ ಹೋಗುತ್ತಲೇ ಇರುತ್ತಾನೆ. ಯಾಕಂದರೆ ಅವನು ದೂರಿಗಾಗಿ ಹೋಗುತ್ತಿಲ್ಲ, ಹೇಗೂ ಅಲ್ಲಿಗೆ ಹೋಗುವವನೇ.

ಒಂದು ಉದಾಹರಣೆ ಹೇಳುತ್ತೇನೆ. ಬಡಾವಣೆ ಹೆಸರು ಹೇಳಲ್ಲ, ಆಮೇಲೆ ಆ ಎಂಜಿನಿಯರ್‌ಗೆ ಸುಮ್ನೆ ತೊಂದರೆ. ಊರಿನ ದಕ್ಷಿಣ ಭಾಗ ಅಂತ ಇಟ್ಟುಕೊಳ್ಳಿ. ಹಿಂದೆ ಹಳ್ಳಿಯಾಗಿದ್ದ ಜಾಗ. ಗಲ್ಲಿಯ ಒಂದು ತಿರುವಿನಲ್ಲಿ, ಬೇವಿನ ಮರದ ಕೆಳಗೆ ವೀರಗಲ್ಲು. ವೀರಗಲ್ಲು ನೀವು ನೋಡಿರುತ್ತೀರಿ, ಮೂರು ಅಂತಸ್ತು ಇರುತ್ತದೆ. ಕೆಳಗಿನದರಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಇದರಲ್ಲಿ ಬುಡದಲ್ಲಿ ಮೂರು ಸಾಲು ಬರಹವೂ ಇತ್ತು, ತೀರಾ ಸವೆದದ್ದು. 'ಸ್ವಸ್ತಿ' ಸಿಕ್ಕಿತು, 'ಕಾದಿ' ಅನ್ನುವುದು ಸಿಕ್ಕಿತು, ಅಂದರೆ ಹೋರಾಡಿ. ಯಾರ ಜೊತೆ, ಯಾವುದಕ್ಕೆ, ಯಾರು ಅಂತ ಅಕ್ಷರ ಇರಲಿಲ್ಲ.

ಜನಕ್ಕೆ ಅದು ಮುನೇಶ್ವರ. ಒಬ್ಬ ಅಜ್ಜಿ ದಿನಾ ಬಂದು ಗುಡಿಸಿ, ನೀರು ಹಾಕಿ, ಹೂವಿಟ್ಟು ಹೋಗುತ್ತಾರೆ. ನಾನು ಮೊದಲ ಸಲ ಹಿಟ್ಟಿನ ಪಾಕೆಟ್ ತೆಗೆದಾಗ ಅವರು ಕೇಳಿದ್ದು, "ಏನಮ್ಮಾ, ದೇವ್ರಿಗೆ ಪೂರಿ ಮಾಡ್ತೀಯಾ?" ಓದೋಕೆ ಅಜ್ಜಿ, ಅಂದೆ. "ಓದ್ಕೋ ತಾಯಿ, ಆದ್ರೆ ಎಣ್ಣೆ ಒರೆಸಬೇಡ." ಅದೇ ಕಷ್ಟ. ಎಣ್ಣೆ, ಅರಿಶಿನ, ಕುಂಕುಮ ಸೇರಿ ಅಕ್ಷರದ ಮೇಲೆ ಒಂದು ಪದರ ಕಟ್ಟಿತ್ತು. ಕಲ್ಲಿಗೆ ಎಣ್ಣೆ ಹಚ್ಚಬೇಡಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಆದರೆ ಪುಸ್ತಕ ಬರೆದವರು ಯಾರೂ ಅಲ್ಲಿ ದಿನಾ ಕಸ ಗುಡಿಸಿದವರಲ್ಲ. ಆ ಕಲ್ಲು ಇಷ್ಟು ವರ್ಷ ಯಾರ ಮನೆ ಬಟ್ಟೆ ಒಗೆಯುವ ಕಲ್ಲೂ ಆಗದೆ ಉಳಿದದ್ದು ಅದು ದೇವರಾದದ್ದರಿಂದ. ಎಷ್ಟೋ ವೀರಗಲ್ಲುಗಳಿಗೆ ಆ ಪುಣ್ಯ ಇಲ್ಲ. ಕೊನೆಗೆ ನಮ್ಮಿಬ್ಬರಿಗೂ ಒಂದು ಒಪ್ಪಂದವಾಯಿತು. ಅಜ್ಜಿ ಗುರುವಾರ ಬೆಳಗ್ಗೆ ಬಿಸಿನೀರು ಹಾಕಿ ಕಲ್ಲು ತೊಳೆಯುತ್ತಾರೆ, ಶುಕ್ರವಾರ ಎಣ್ಣೆ ಹಚ್ಚುತ್ತಾರೆ. ನಾನು ಗುರುವಾರ ಹೋಗಿ, ಅಲ್ಲಿಂದ ಆಫೀಸಿಗೆ ಹೋಗಬೇಕು.

ಹೀಗೆ ಹೋಗುತ್ತಿರುವಾಗ ಒಂದು ಗುರುವಾರ ಕಲ್ಲಿನ ಮೇಲೆ ಹೊಸ ಶಾಸನ. ಕೆಂಪು ಪೇಂಟಿನಲ್ಲಿ ಒಂದು ಬಾಣ, ಒಂದು ನಂಬರು. ಮೋರಿ ಅಗಲ ಮಾಡುವ ಕೆಲಸವಂತೆ. ಬಾಣ ಕಲ್ಲಿನ ಆಚೆಯ ತನಕ ಹೋಗಿತ್ತು.

ಎಂಜಿನಿಯರನ್ನು ಹುಡುಕಿಕೊಂಡು ಹೋದೆ. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳಬೇಕು. ಮಳೆಗಾಲ, ಮೇಜಿನ ಮೇಲೆ ದೂರಿನ ಕಟ್ಟು, ಎರಡು ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿವೆ. "ಮೇಡಂ, ಅದು ಅಡ್ಡ ಬರ್ತಾ ಇದೆ. ನಿಮಗೆ ಬೇಕಾದ್ರೆ ನೀವೇ ತಗೊಂಡು ಹೋಗಿ" ಅಂದರು. ಸುಮಾರು ಐದಡಿ ಕಲ್ಲು. "ಎಲ್ಲಿಗೆ ಸರ್, ಸ್ಕೂಟರ್ ಮೇಲಾ?" ಅಂದೆ. ಅವರಿಗೂ ನಗು ಬಂತು. ನಗುವಿನಿಂದ ಬಾಣ ಅಳಿಸಲಿಲ್ಲ ಅನ್ನೋದು ಬೇರೆ ಮಾತು.

ಆಮೇಲೆ ಕಚೇರಿಗಳ ಸುತ್ತಾಟ. ಒಂದು ಕಡೆ ಹೇಳಿದರು, ಹಳೇ ಕಲ್ಲು ನಮ್ಮದಲ್ಲ, ಪುರಾತತ್ವದವರನ್ನು ಕೇಳಿ. ಇನ್ನೊಂದು ಕಡೆ ಹೇಳಿದರು, ರಾಜ್ಯದಲ್ಲಿ 1961ರ ಸ್ಮಾರಕ ಕಾಯ್ದೆ ಇದೆ, ಆದರೆ ಸಂರಕ್ಷಿತ ಅಂತ ಘೋಷಿಸಿದ ಪಟ್ಟಿಯಲ್ಲಿ ಈ ಕಲ್ಲು ಇಲ್ಲ. ಅದು ನಿಜವೇ. ಬೀದಿಬದಿಯ ಹೆಚ್ಚಿನ ವೀರಗಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ಮತ್ತೊಂದು ಕಡೆ, ಪೂಜೆ ಆಗುತ್ತೆ ಅಂದಮೇಲೆ ದೇವಸ್ಥಾನದ ವಿಷಯ ಅಲ್ವಾ ಅಂದರು. ದೇವಸ್ಥಾನವೇ ಇಲ್ಲ, ಮರ ಇದೆ. ಕಲ್ಲು ಎಲ್ಲರದೂ ಆಗಿದ್ದರಿಂದ ಯಾರ ಕಡತದಲ್ಲೂ ಇರಲಿಲ್ಲ. ಇದರ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಊರಿನ ಆಡಳಿತವೇ ಐದು ಪಾಲಿಕೆಯಾಯಿತು. ನನ್ನ ಅರ್ಜಿ ಯಾವ ಕಟ್ಟಡಕ್ಕೆ ಹೋಯಿತು ಅಂತ ಹುಡುಕುವುದೇ ಒಂದು ಹವ್ಯಾಸವಾಗಿಬಿಟ್ಟಿತು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹೆಚ್ಚಿನವರಿಗೆ ಇದು ಕಿರಿಕಿರಿ. ನನಗೆ ಕಷ್ಟವಾಗಲಿಲ್ಲ. ಕಲ್ಲಿನ ಮೇಲೆ ಬರೆದವರ ಬರಹ ಓದಿ ಓದಿ ಸಣ್ಣ ಜಾಗದಲ್ಲಿ ಹೇಳುವುದು ಸ್ವಲ್ಪ ಅಭ್ಯಾಸವಾಗಿತ್ತು. ಬೈಗುಳ ಇಲ್ಲ, ಇತಿಹಾಸ ಪಾಠ ಇಲ್ಲ. ಎರಡೇ ಸಾಲು ಕೇಳಿದೆ. ಈ ಕಾಮಗಾರಿಯ ನಕ್ಷೆಯಲ್ಲಿ ಈ ಕಲ್ಲನ್ನು ಎಲ್ಲಿ ತೋರಿಸಿದ್ದೀರಿ? ಅದನ್ನು ತೆಗೆಯಲು ಕೊಟ್ಟಿರುವ ಅನುಮತಿಯ ಪ್ರತಿ ಕೊಡಿ. ಉತ್ತರ ಬಂತು: 'ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.'

ನಮ್ಮವರು ಇಂಥ ಉತ್ತರ ಬಂದರೆ ಕಾಗದ ಹರಿದು ಹಾಕುತ್ತಾರೆ. ನನಗೆ ಅದು ಚಿನ್ನ ಅನ್ನಿಸಿತು. ಅನುಮತಿ ಇಲ್ಲ ಅಂತ ಅವರೇ ಬರೆದುಕೊಟ್ಟಿದ್ದಾರೆ! ಅದನ್ನು ತೆಗೆದುಕೊಂಡು ಅದೇ ಎಂಜಿನಿಯರ್ ಹತ್ತಿರ ಹೋದೆ. ಅವರು ಎರಡು ಸಲ ಓದಿ, ಬಾಗಿಲು ನೋಡಿ, ದನಿ ತಗ್ಗಿಸಿ, "ಮೇಡಂ, ಇದರ ಜೊತೆ ಫೋಟೋ, ಅಳತೆ ಹಾಕಿ ನೀವೇ ಒಂದು ಪತ್ರ ಕೊಡಿ. ನಾನು ಮೇಲೆ ಕಳಿಸ್ತೀನಿ. ನನಗೂ ಅದನ್ನ ಕೀಳೋಕೆ ಇಷ್ಟ ಇಲ್ಲ" ಅಂದರು. ಅವತ್ತು ಒಂದು ವಿಷಯ ಗೊತ್ತಾಯಿತು. ಕೆಳಗಿನ ಅಧಿಕಾರಿಗೆ ನಮ್ಮಿಂದ ಬೇಕಾದದ್ದು ಕೂಗಾಟ ಅಲ್ಲ, ಕಾಗದ. ಕೆಲಸ ಬದಲಾಯಿಸಲು ಅವರಿಗೆ ಒಂದು ಕಾರಣ ಬೇಕು, ಆ ಕಾರಣ ಕಡತದಲ್ಲಿ ಕೂರಬೇಕು. ಅಳತೆ, ಫೋಟೋ, ಅಕ್ಷರದ ನಕಲು ನನ್ನ ನೋಟ್‌ಬುಕ್ಕಿನಲ್ಲಿ ಆಗಲೇ ಇದ್ದವು. ಅರ್ಜಿಗೆ ಅಂತ ಮಾಡಿಟ್ಟದ್ದಲ್ಲ, ಆಸೆಗೆ ಮಾಡಿದ್ದು.

ಇಷ್ಟೆಲ್ಲ ಕೇಳಿ ಎಲ್ಲ ಹವ್ಯಾಸಕ್ಕೂ ಒಂದು ಕರ್ತವ್ಯ ಅಂಟಿಸಬೇಕು ಅಂತ ತಿಳಿಯಬೇಡಿ. ನಮ್ಮ ಮನೆಯವರಿಗೆ ಕೇರಂ ಹುಚ್ಚು. ಸಂಜೆ ಗೆಳೆಯರ ಜೊತೆ ಪೌಡರ್ ಚೆಲ್ಲಿಕೊಂಡು ಕೂರುತ್ತಾರೆ. ಅದರಿಂದ ದೇಶಕ್ಕೆ ಏನೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮಕ್ಕಳಿಗೆ ಬೇಸಿಗೆ ರಜೆಯಲ್ಲೂ 'ಇದರಿಂದ ಏನು ಕಲಿತೆ' ಅಂತ ಕೇಳುವ ನಮ್ಮ ಕಾಯಿಲೆಯನ್ನು ದೊಡ್ಡವರ ಹವ್ಯಾಸಕ್ಕೂ ಹಚ್ಚಬಾರದು. ಇನ್ನೊಂದು ಕಡೆ, ಬರೀ ರೀಲ್ಸ್ ಮಾಡಲು ಕಲ್ಲಿನ ಮೇಲೆ ಹತ್ತಿ ನಿಲ್ಲುವವರೂ ಬರುತ್ತಾರೆ. ಅವರನ್ನು ಅಜ್ಜಿಯೇ ನೋಡಿಕೊಳ್ಳುತ್ತಾರೆ, ಪೊರಕೆ ಕೈಯಲ್ಲೇ ಇರುತ್ತದೆ.

ಕಲ್ಲು ಉಳಿಯಿತು. ಮೋರಿ ಸ್ವಲ್ಪ ಬಾಗಿ ಹೋಯಿತು. ಅಗೆಯುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಜೆಸಿಬಿ ಹುಡುಗ ಉತ್ತರ ಕರ್ನಾಟಕದವನು. "ಅಕ್ಕಾರ, ನಮ್ಮೂರಾಗೂ ಇಂಥ ಕಲ್ಲು ಅದಾವ್ರಿ" ಅಂತ ಹೇಳಿ, ಬಕೆಟ್ಟನ್ನು ಎಷ್ಟು ಮೆಲ್ಲಗೆ ಇಳಿಸಿದ ಅಂದರೆ, ಪಕ್ಕದಲ್ಲಿ ನಿಂತಿದ್ದ ಗುತ್ತಿಗೆದಾರ "ಲೇ, ಸಾಯಂಕಾಲ ಆಗುತ್ತೆ ಕಣೋ" ಅಂತ ಬೈದರು.

ಆಮೇಲೆ ಬೀದಿಯವರಿಗೆ ಹುರುಪು ಬಂದು ಚಂದಾ ಎತ್ತಿ ಕಟ್ಟೆ ಕಟ್ಟಿಸಿದರು. ಗ್ರಾನೈಟ್ ಹಾಕಿ, ಚಂದಾ ಕೊಟ್ಟವರ ಹೆಸರು ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಅದರಲ್ಲಿ ಅಜ್ಜಿಯ ಹೆಸರಿಲ್ಲ. ಯಾಕೆ ಅಜ್ಜಿ ಅಂತ ಕೇಳಿದರೆ, "ಹೆಸರು ಹಾಕ್ಸೋಕೆ ಐನೂರು ಕೇಳಿದ್ರು, ಕೊಡಲ್ಲ ಹೋಗ್ರೋ ಅಂದೆ" ಅಂದರು. ಈಗ ಬಂದಿರುವ ತೊಂದರೆ ಬೇರೆ. ಮೇಸ್ತ್ರಿ ಕಲ್ಲು ಅಲ್ಲಾಡದಿರಲಿ ಅಂತ ಬುಡಕ್ಕೆ ಧಾರಾಳವಾಗಿ ಸಿಮೆಂಟ್ ಸುರಿದಿದ್ದಾನೆ. ಮೂರನೇ ಸಾಲು ಪೂರ್ತಿ ಒಳಗೆ ಹೋಗಿದೆ, ಎರಡನೆಯದು ಅರ್ಧ. 'ಕಾದಿ' ಇದ್ದದ್ದು ಅಲ್ಲೇ.

ಸಿಮೆಂಟನ್ನು ಕಲ್ಲಿಗೆ ಏಟಾಗದ ಹಾಗೆ ಬಿಡಿಸಬಹುದಾ ಅಂತ ನೋಡಲು ಈ ಗುರುವಾರ ಒಬ್ಬರು ತಿಳಿದವರನ್ನು ಕರೆದಿದ್ದೇನೆ. ಎಂಜಿನಿಯರ್ ಸಹ ಬರುತ್ತೇನೆ ಅಂದಿದ್ದಾರೆ, ಬರುತ್ತಾರೋ ನೋಡೋಣ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ಮಾತು ಮುಗಿದ ಮೇಲೆ ವಿಳಾಸ ಕೊಡುತ್ತೇನೆ. ಏಳೂವರೆ ಒಳಗೆ ಬನ್ನಿ. ಎಂಟಕ್ಕೆ ಅಜ್ಜಿ ಪೂಜೆಗೆ ಕೂರುತ್ತಾರೆ, ಆಮೇಲೆ ಯಾರನ್ನೂ ಹತ್ತಿರ ಬಿಡುವುದಿಲ್ಲ.